ಹಚ್ಚಲು ಐದು ನಿಮಿಷ, ಒಣಗಲು ಹದಿನೈದು: ಬೆಳಗಿನ ಅವಸರದ ಮೇಕಪ್

ಬೆಳಗ್ಗೆ ಮೇಕಪ್‌ಗೆ ಪುರುಸೊತ್ತಿಲ್ಲ ಎನ್ನುವವರು ಒಂದು ದಿನ ಗಡಿಯಾರ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ ನೋಡಬೇಕು. ಕೈ ಓಡುವುದು ನಾಲ್ಕೈದು ನಿಮಿಷ ಮಾತ್ರ. ಮಿಕ್ಕ ಹೊತ್ತೆಲ್ಲ ತಿದ್ದುವುದರಲ್ಲೇ ಕಳೆಯುತ್ತದೆ. ಕಣ್ಣಿನ ಕೆಳಗೆ ಇಳಿದ ಕಾಡಿಗೆ ಒರೆಸಬೇಕು, ಒರೆಸಿದ ಕಡೆ ಕನ್ಸೀಲರ್ (ಕಲೆ, ಕಪ್ಪು ಮುಚ್ಚುವ ಬಣ್ಣ) ಮತ್ತೆ ಹಚ್ಚಬೇಕು, ಅದು ಸನ್‌ಸ್ಕ್ರೀನ್ ಜೊತೆ ಸೇರಿ ರಬ್ಬರಿನ ಪುಡಿಯಂತೆ ಉಂಡೆಯಾದರೆ ಮತ್ತೆ ಮುಖ ತೊಳೆಯಬೇಕು. ಇವೆಲ್ಲಕ್ಕೂ ಕಾರಣ ಬಹುಮಟ್ಟಿಗೆ ಒಂದೇ: ಕೆಳಗಿನ ಪದರ ಒಣಗುವ ಮೊದಲೇ ಮೇಲಿನದನ್ನು ಹಚ್ಚಿರುತ್ತೇವೆ.

ಹಾಗಾಗಿ ನನ್ನ ಪದ್ಧತಿಯಲ್ಲಿ ಸಾಮಾನು ಕಡಿಮೆ ಮಾಡಿದ್ದಕ್ಕಿಂತ ಮುಖ್ಯವಾದದ್ದು, ಒಣಗುವ ಹೊತ್ತನ್ನು ಮನೆಗೆಲಸದೊಳಗೆ ಸೇರಿಸಿಬಿಟ್ಟದ್ದು. ಬೆಂಗಳೂರಿನಲ್ಲಿ ಏಳೂಮುಕ್ಕಾಲಿಗೆ ಮನೆ ಬಿಡುವ ಲೆಕ್ಕದಲ್ಲಿ ಹೇಳುತ್ತೇನೆ. ಆರೂನಲವತ್ತಕ್ಕೆ ಸ್ನಾನ ಮುಗಿದ ಕೂಡಲೇ ಮಾಯಿಶ್ಚರೈಸರ್. ಆಮೇಲೆ ಅಡುಗೆಮನೆ. ಒಗ್ಗರಣೆ ಕೆಲಸ ಮುಗಿದು ಒಲೆ ಆರಿದ ಮೇಲೆ, ಸುಮಾರು ಏಳೂಇಪ್ಪತ್ತಕ್ಕೆ ಸನ್‌ಸ್ಕ್ರೀನ್. ಅಲ್ಲಿಂದ ಹದಿನೈದು ನಿಮಿಷ ಮುಖ ಮುಟ್ಟುವುದಿಲ್ಲ. ಡಬ್ಬಿ ಕಟ್ಟುವುದು, ತಿಂಡಿ ತಿನ್ನುವುದು, ತಲೆ ಬಾಚುವುದು ಎಲ್ಲ ಆ ಹೊತ್ತಿನಲ್ಲಿ. ಏಳೂಮೂವತ್ತೈದರಿಂದ ನಲವತ್ತರವರೆಗೆ ಕನ್ನಡಿ ಮುಂದೆ. ಅಷ್ಟೇ.

ಸನ್‌ಸ್ಕ್ರೀನನ್ನು ಒಗ್ಗರಣೆಗೆ ಮೊದಲು ಹಚ್ಚಬಾರದು ಅನ್ನುವುದು ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಅಲ್ಲೇ ಹೆಚ್ಚಿನವರ ಮೇಕಪ್ ಕೆಡುವುದು. ಕುಕ್ಕರಿನ ಹಬೆ, ಬಾಣಲೆಯಿಂದ ಏಳುವ ಎಣ್ಣೆಯ ಆವಿ, ಒಲೆಯ ಮುಂದಿನ ಬೆವರು ಮೂರೂ ಸೇರಿ, ಇನ್ನೂ ಹಸಿಯಿರುವ ಸನ್‌ಸ್ಕ್ರೀನನ್ನು ಸರಿಸಿಬಿಡುತ್ತವೆ. ಸೆರಗಿನಲ್ಲೋ ಟವೆಲಿನಲ್ಲೋ ಹಣೆ ಒರೆಸಿಕೊಂಡರೆ ಅಲ್ಲಿಗೆ ಮುಗಿಯಿತು. ಸ್ನಾನ ಬಿಸಿನೀರಿನದ್ದಾದರೆ ಮೈ ತಣಿಯಲು ಹೇಗೂ ಹತ್ತು ನಿಮಿಷ ಬೇಕು. ಬಚ್ಚಲಿನಿಂದ ಹೊರಬಂದ ತಕ್ಷಣ ಕೆಂಪೇರಿದ ಮುಖಕ್ಕೆ ಏನು ಹಚ್ಚಿದರೂ ಬೆವರಿನ ಮೇಲೆ ತೇಲುತ್ತದೆ. ಆ ಹೊತ್ತಿಗೆ ಮಾಯಿಶ್ಚರೈಸರ್ ಮಾತ್ರ ಸರಿ. ಚರ್ಮ ತುಸು ಒದ್ದೆಯಿದ್ದಾಗ ಹಚ್ಚಿದರೆ ಅದು ತೇವವನ್ನು ಹಿಡಿದಿಡುತ್ತದೆ.

ಮುಖಕ್ಕೆ ಒಂದು ಕಡಲೆಕಾಳಿನಷ್ಟು ಮಾಯಿಶ್ಚರೈಸರ್ ಸಾಕು. ಮಂಗಳೂರು, ಉಡುಪಿಯ ಸೆಕೆಯಲ್ಲಿ ಎಣ್ಣೆ ಚರ್ಮದವರು ಇದನ್ನು ಬಿಟ್ಟು ನೇರ ಸನ್‌ಸ್ಕ್ರೀನಿಗೆ ಹೋಗಬಹುದು. ಬೆಂಗಳೂರಿನ ಡಿಸೆಂಬರ್–ಜನವರಿಯಲ್ಲಿ ಬಿಟ್ಟರೆ ಮೂಗಿನ ಪಕ್ಕ, ಬಾಯಿಯ ಸುತ್ತ ಚರ್ಮ ಬಿರಿದು, ಅದರ ಮೇಲೆ ಕನ್ಸೀಲರ್ ಸುಣ್ಣ ಬಳಿದಂತೆ ಎದ್ದು ಕಾಣುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಮುಖಕ್ಕೆ ಮೈಸೋಪು ಬೇಡ. ಗಡಸುನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಕೊಳೆಯೇ ಮುಖದ ಮೇಲೂ ತೆಳ್ಳಗೆ ಕೂರುತ್ತದೆ. ಸೋಪು ಅಲ್ಲದ, ಹೆಚ್ಚು ನೊರೆ ಬಾರದ ಫೇಸ್‌ವಾಶ್ ಸಾಕು. ಮುಖಕ್ಕೆ ಅರಿಶಿನ ಹಚ್ಚುವ ಅಭ್ಯಾಸವಿದ್ದರೆ ರಾತ್ರಿ ಹಚ್ಚಿ ತೊಳೆಯಿರಿ. ಬೆಳಗಿನ ಹಳದಿ ಉಳಿಕೆಯ ಮೇಲೆ ಯಾವ ಶೇಡೂ ಕೂರುವುದಿಲ್ಲ.

ಸನ್‌ಸ್ಕ್ರೀನೇ ಬುನಾದಿ

ನನ್ನ ಮಟ್ಟಿಗೆ ಫೌಂಡೇಶನ್, ಅಂದರೆ ಮುಖವಿಡೀ ಹಚ್ಚುವ ಬಣ್ಣ, ದಿನನಿತ್ಯಕ್ಕೆ ಬೇಕಿಲ್ಲ. ಸನ್‌ಸ್ಕ್ರೀನ್ ಸರಿಯಾಗಿ ಕೂತರೆ ಮುಖಕ್ಕೆ ತಾನಾಗಿಯೇ ಒಂದು ಹದ ಬರುತ್ತದೆ. ಪ್ರಮಾಣ ಹೇಳುವುದಾದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಒಂದೊಂದು ಗೆರೆ. ಇದು ಮುಖ, ಕತ್ತು ಎರಡಕ್ಕೂ ಸೇರಿ. ಲ್ಯಾಬಿನಲ್ಲಿ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಸಂಖ್ಯೆ) ಅಳೆಯುವುದು ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ. ನಾವು ಅದರ ಕಾಲುಭಾಗ ಹಚ್ಚಿಕೊಂಡು ಡಬ್ಬಿಯ ಮೇಲಿನ ಸಂಖ್ಯೆಯನ್ನು ನಂಬಿದರೆ ಪ್ರಯೋಜನವಿಲ್ಲ. ಎಸ್‌ಪಿಎಫ್ 30 ಸರಿಯಾಗಿ ಹಚ್ಚಿದರೆ ಚರ್ಮ ಸುಡುವ ಯುವಿಬಿ ಕಿರಣದಲ್ಲಿ ಸುಮಾರು ಶೇ. 97ನ್ನು ತಡೆಯುತ್ತದೆ, 50 ಆದರೆ ಸುಮಾರು ಶೇ. 98. ಸಂಖ್ಯೆಗಿಂತ ಪ್ರಮಾಣವೇ ಮುಖ್ಯ. ಎಸ್‌ಪಿಎಫ್ ಇರುವ ಕಾಂಪ್ಯಾಕ್ಟನ್ನು (ಒತ್ತಿ ಬಿಲ್ಲೆ ಮಾಡಿದ ಮುಖದ ಪೌಡರ್) ಸನ್‌ಸ್ಕ್ರೀನಿನ ಬದಲು ಬಳಸಬಾರದ್ದೂ ಇದಕ್ಕೇ. ಅಷ್ಟು ಪೌಡರ್ ಯಾರೂ ಮೆತ್ತಿಕೊಳ್ಳುವುದಿಲ್ಲ.

ಎರಡೂ ಗೆರೆಯನ್ನು ಒಟ್ಟಿಗೆ ಉಜ್ಜಬೇಡಿ. ಮೊದಲ ಗೆರೆಯನ್ನು ಹಣೆ, ಎರಡು ಕೆನ್ನೆ, ಮೂಗು, ಗದ್ದ ಹೀಗೆ ಐದು ಚುಕ್ಕೆಯಾಗಿ ಇಟ್ಟು, ಒಳಗಿನಿಂದ ಹೊರಗೆ ಸವರಿ. ಒಂದು ನಿಮಿಷ ಬಿಟ್ಟು ಎರಡನೆಯದು. ಈ ಸಲ ಸವರದೆ ಅಂಗೈಯಿಂದ ಒತ್ತಬೇಕು. ಕಿವಿಯ ಮುಂದೆ, ದವಡೆಯ ಕೆಳಗೆ, ಕತ್ತಿನ ಬದಿ ಇವು ಮರೆಯುವ ಜಾಗಗಳು. ಕತ್ತು ಬಿಟ್ಟರೆ ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ ಆಗಿ ಫೋಟೋದಲ್ಲಿ ತಲೆ ಬೇರೆ ಯಾರದ್ದೋ ಎನಿಸುತ್ತದೆ.

ಉಂಡೆಯಾಗುವುದು ಯಾಕೆ? ಮೂರು ಕಾರಣ. ಒಂದು, ಕೆಳಗಿನ ಮಾಯಿಶ್ಚರೈಸರ್ ಜಾಸ್ತಿಯಾಗಿದೆ. ಎರಡು, ಒಣಗಿ ಪೊರೆ ಕಟ್ಟಿದ ಸನ್‌ಸ್ಕ್ರೀನನ್ನು ಬೆರಳಿನಿಂದ ಮತ್ತೆ ಉಜ್ಜಿದ್ದೀರಿ. ಮೂರು, ನೀರಿನ ಜೆಲ್ ಮೇಲೆ ಸಿಲಿಕೋನ್ ಜಾಸ್ತಿಯಿರುವ ಸನ್‌ಸ್ಕ್ರೀನ್, ಅಥವಾ ಅದರ ತಿರುಗುಮುರುಗು. ಮುಟ್ಟಿದರೆ ವೆಲ್ವೆಟ್ಟಿನಂತೆ ಜಾರುವುದು ಸಿಲಿಕೋನಿನ ಗುಣ. ಯಾವ ಜೋಡಿ ಹೊಂದುತ್ತದೆ ಎಂದು ಭಾನುವಾರ ಮೊಣಕೈ ಒಳಭಾಗದಲ್ಲಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಬೆರಳಾಡಿಸಿ ನೋಡಿದರೆ ಸಾಕು. ಸೋಮವಾರ ಬೆಳಗ್ಗೆ ಮುಖದ ಮೇಲೆ ಪ್ರಯೋಗ ಬೇಡ.

ಬಿಳಿಚುವುದು ಝಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಇರುವವುಗಳಲ್ಲಿ. ಗೋಧಿ ಬಣ್ಣದಿಂದ ಕಪ್ಪಿನವರೆಗಿನ ಚರ್ಮಕ್ಕೆ ಅದು ಬೂದಿ ಬಳಿದಂತೆ ಕಾಣುತ್ತದೆ. ಪರಿಹಾರ ಎಂದರೆ ಬಣ್ಣ ಸೇರಿಸಿದ ಸನ್‌ಸ್ಕ್ರೀನ್. ಅದರ ಕಂದು ಬಣ್ಣ ಐರನ್ ಆಕ್ಸೈಡಿನದ್ದು. ಕೆನ್ನೆಯ ಮೇಲೆ ಬಂಗು ಇರುವವರಿಗೆ ಇದರಿಂದ ಇನ್ನೊಂದು ಲಾಭವಿದೆ. ಬಂಗು ಹೆಚ್ಚಿಸುವುದರಲ್ಲಿ ಕಣ್ಣಿಗೆ ಕಾಣುವ ಬೆಳಕಿನದ್ದೂ ಪಾಲಿದೆ. ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಐರನ್ ಆಕ್ಸೈಡ್ ತಡೆಯುತ್ತದೆ. ಬಂಗು ಇದ್ದರೆ ಫೌಂಡೇಶನ್ನಿಗೆ ಕೊಡುವ ದುಡ್ಡನ್ನು ಇದಕ್ಕೆ ಹಾಕುವುದು ಜಾಣತನ.

ಬಟ್ಟೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತಲೆಯ ಮೇಲಿಂದ ಹಾಕುವ ಕುರ್ತಾ, ಟಾಪ್ ಎಲ್ಲ ಸನ್‌ಸ್ಕ್ರೀನಿಗೆ ಮೊದಲೇ ಹಾಕಿಕೊಳ್ಳಬೇಕು, ಇಲ್ಲವಾದರೆ ಅರ್ಧ ಮುಖ ಬಟ್ಟೆಗೆ ಹೋಗುತ್ತದೆ. ಸೀರೆಯವರಿಗೆ ಆ ತೊಂದರೆ ಇಲ್ಲ, ನೆರಿಗೆ ಹಿಡಿಯುವಷ್ಟರಲ್ಲಿ ಮುಖ ಒಣಗಿರುತ್ತದೆ. ಬಿಳಿ ಕಾಲರಿನ ಮೇಲೆ ಒಗೆದ ಮೇಲೆ ತುಕ್ಕಿನ ಬಣ್ಣದ ಕಲೆ ಕಂಡರೆ ವಾಷಿಂಗ್ ಮಷೀನನ್ನು ಬೈಯಬೇಡಿ. ಸನ್‌ಸ್ಕ್ರೀನಿನಲ್ಲಿರುವ ಅವೊಬೆನ್ಜೋನ್ ಎಂಬ ಬಿಸಿಲು ತಡೆಯುವ ರಾಸಾಯನಿಕ ಗಡಸುನೀರಿನ ಕಬ್ಬಿಣದ ಅಂಶದೊಂದಿಗೆ ಸೇರಿದರೆ ಹೀಗಾಗುತ್ತದೆ. ಬ್ಲೀಚ್ ಹಾಕಿದರೆ ಕಲೆ ಇನ್ನೂ ಕಡುವಾಗುತ್ತದೆ.

ತಲೆಗೆ ಎಣ್ಣೆ ಹಚ್ಚಿದ ದಿನ ಕೂದಲಂಚಿನಿಂದ ಒಂದು ಬೆರಳಗಲ ಜಾಗವನ್ನು ಟಿಶ್ಯೂನಿಂದ ಒತ್ತಿ ತೆಗೆದ ಮೇಲೆ ಸನ್‌ಸ್ಕ್ರೀನ್ ಹಚ್ಚಿ. ತೆಂಗಿನೆಣ್ಣೆ ಬಿಸಿಲಿಗೆ ತೆಳುವಾಗಿ ಹಣೆಗೆ ಇಳಿದು ಎಲ್ಲವನ್ನೂ ಕೆಳಗೆ ಎಳೆದುಕೊಂಡು ಬರುತ್ತದೆ. ಕಣ್ಣು ಉರಿಯುವುದು ಅದಕ್ಕೇ. ತಲೆಸ್ನಾನದ ದಿನ ಕೂದಲನ್ನು ಟವೆಲಿನಲ್ಲಿ ಬಿಗಿಯಾಗಿ ಕಟ್ಟಿರಬೇಕು. ತೊಟ್ಟಿಕ್ಕುವ ನೀರಿಗೆ ಹಸಿ ಸನ್‌ಸ್ಕ್ರೀನಿನಲ್ಲಿ ಗೆರೆ ಬೀಳುತ್ತದೆ.

ಕನ್ನಡಿ ಮುಂದಿನ 260 ಸೆಕೆಂಡು

ತಿಂಡಿ ಮುಗಿಸಿ, ಬಾಯಿ ಮುಕ್ಕಳಿಸಿದ ಮೇಲೆಯೇ ಇದು ಶುರು. ದೋಸೆಯ ಎಣ್ಣೆ, ಚಟ್ನಿಯ ಒಗ್ಗರಣೆ ತುಟಿಯ ಬಣ್ಣವನ್ನು ಒಳಗಿನಿಂದ ಕರಗಿಸಿ, ಅಂಚಿನ ಗೆರೆ ಮಾತ್ರ ಉಳಿಸುತ್ತದೆ.

ಕಿಟಕಿಗೆ ಮುಖ ಮಾಡಿ ನಿಲ್ಲಿ. ಬೆಳಕು ಬೆನ್ನ ಹಿಂದಿದ್ದರೆ ಮುಖ ಕಪ್ಪಾಗಿ ಕಂಡು ಎಲ್ಲವೂ ಜಾಸ್ತಿಯಾಗುತ್ತದೆ. ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಕೆಳಗೆ ಇಲ್ಲದ ನೆರಳು ಹಾಕುತ್ತದೆ. ಹಿಗ್ಗಿಸಿ ತೋರಿಸುವ ಕನ್ನಡಿ ಹುಬ್ಬು ಕೀಳಲು ಸರಿ, ಬೆಳಗಿನ ಅವಸರಕ್ಕೆ ಶತ್ರು. ಯಾರ ಕಣ್ಣಿಗೂ ಬೀಳದ ರಂಧ್ರಗಳನ್ನು ಮುಚ್ಚುತ್ತಾ ನಿಲ್ಲುತ್ತೀರಿ.

ನನ್ನ ಸಮಯದ ಹಂಚಿಕೆ ಹೀಗೆ: ಕಾಡಿಗೆ 60 ಸೆಕೆಂಡು, ಕನ್ಸೀಲರ್ 60, ಕೆನ್ನೆ 30, ಪೌಡರ್ 30, ಹುಬ್ಬು 40, ತುಟಿ 30, ಬೊಟ್ಟು 10. ಕಾಡಿಗೆಯನ್ನು ಎಲ್ಲರೂ ಕೊನೆಗೆ ತೀಡುತ್ತಾರೆ, ನಾನು ಮೊದಲು. ಅದಕ್ಕೂ ಒಣಗುವ ಹೊತ್ತು ಬೇಕು. ಕಣ್ಣಿನಲ್ಲಿ ನೀರು ಬಂದರೂ, ಕೈ ತಪ್ಪಿದರೂ ಒರೆಸಿಕೊಳ್ಳಬಹುದು, ಕೆಳಗೆ ಕೆಡಲು ಇನ್ನೂ ಏನೂ ಇರುವುದಿಲ್ಲ.

ಕಾಡಿಗೆ ಇಳಿಯುವುದಕ್ಕೆ ಕಾಡಿಗೆ ಪೆನ್ಸಿಲ್ ಕೆಟ್ಟದ್ದಾಗಿರುವುದೇ ಕಾರಣ ಎನ್ನುವುದು ಅರ್ಧ ಸತ್ಯ. ರೆಪ್ಪೆಯ ಬುಡದ ಜಿಡ್ಡು, ಕಣ್ಣಿನ ಸುತ್ತ ಹಚ್ಚಿದ ಸನ್‌ಸ್ಕ್ರೀನ್, ಕಣ್ಣಿನ ನೀರು ಇವು ಮೂರೂ ಅದನ್ನು ಕರಗಿಸುತ್ತವೆ. ಆದ್ದರಿಂದ ಹತ್ತಿ ಸುತ್ತಿದ ಕಡ್ಡಿಯನ್ನು ಒಣದಾಗಿಯೇ ಮೇಲಿನ, ಕೆಳಗಿನ ರೆಪ್ಪೆಯಂಚಿಗೆ ಒಮ್ಮೆ ಒತ್ತಿ ಎಳೆಯಿರಿ. ಕಡ್ಡಿ ಹೊಳೆಯುವಷ್ಟು ಜಿಡ್ಡು ಬರುತ್ತದೆ. ಆಮೇಲೆ ಮೇಲಿನ ರೆಪ್ಪೆಗೂದಲಿನ ಬುಡದಲ್ಲಿ, ಕೂದಲ ನಡುವಿನ ಸಂದು ತುಂಬುವಂತೆ, ಚುಕ್ಕೆ ಚುಕ್ಕೆಯಾಗಿ ತೀಡಿ. ಉದ್ದ ಗೆರೆ ಎಳೆಯಲು ಹೋದರೆ ಕೈ ನಡುಗುತ್ತದೆ, ಎರಡು ಕಣ್ಣೂ ಸಮ ಬರುವುದಿಲ್ಲ. ಮೊಣಕೈಯನ್ನು ಕಪಾಟಿಗೆ ಊರಿ, ಕಿರುಬೆರಳನ್ನು ಕೆನ್ನೆಗೆ ಆನಿಸಿ, ಗದ್ದ ಸ್ವಲ್ಪ ಮೇಲೆತ್ತಿ ಕೆಳಗೆ ನೋಡಿ. ಕಣ್ಣು ಪೂರ್ತಿ ಮುಚ್ಚದೆ ರೆಪ್ಪೆ ತಾನಾಗಿ ಚಾಚಿಕೊಳ್ಳುತ್ತದೆ. ರೆಪ್ಪೆಯನ್ನು ಬೆರಳಿನಿಂದ ಎಳೆದು ತೀಡಿದರೆ ಬಿಟ್ಟ ಮೇಲೆ ಗೆರೆ ಅಂಕುಡೊಂಕಾಗುತ್ತದೆ.

ಜೆಲ್ ಮಾದರಿಯ, ನೀರಿಗೆ ಜಗ್ಗದ ಪೆನ್ಸಿಲುಗಳು ಅರ್ಧ ನಿಮಿಷದಲ್ಲಿ ಗಟ್ಟಿಯಾಗುತ್ತವೆ. ಆ ಅರ್ಧ ನಿಮಿಷ ಕಣ್ಣು ಬಿಗಿಯಾಗಿ ಮುಚ್ಚಬಾರದು, ಮೇಲೆ ನೋಡಬಾರದು. ಮೇಲಿನ ರೆಪ್ಪೆಯ ಮಡಿಕೆಗೆ ಹಸಿ ಕಾಡಿಗೆ ತಾಗಿದರೆ ಅಚ್ಚು ಬೀಳುತ್ತದೆ. ಅದು ಬಿದ್ದರೆ ತಕ್ಷಣ ಒರೆಸಬೇಡಿ, ಒಣಗಲು ಬಿಟ್ಟು ಆಮೇಲೆ ಕಡ್ಡಿಯ ತುದಿಯಿಂದ ಉದುರಿಸಿ. ಹಸಿಯಿದ್ದಾಗ ಒರೆಸಿದರೆ ಬೂದು ಮೋಡವಾಗಿ ಹರಡುತ್ತದೆ. ಕೆಳಗಿನ ಕಣ್ಣಿನಂಚಿಗೆ ಬೇಕೇ ಬೇಕು ಎನ್ನುವವರು ಹೊರಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ತೀಡಿ, ಮೇಲೆ ಕಡುಗಂದು ಐಶ್ಯಾಡೋ ಪುಡಿಯನ್ನು ಕಡ್ಡಿಯಿಂದ ಒಂದು ಸಲ ಒತ್ತಿ. ಮೇಣವನ್ನು ಪುಡಿ ಹಿಡಿದುಕೊಳ್ಳುತ್ತದೆ. ಒಳಗಿನ ಮೂಲೆಯಲ್ಲಿ ಕಣ್ಣಿನ ನೀರು ಸದಾ ಇರುವುದರಿಂದ ಅಲ್ಲಿ ಯಾವ ಕಾಡಿಗೆಯೂ ನಿಲ್ಲದು.

ಮನೆಯಲ್ಲಿ ಮಾಡಿದ ಕಾಡಿಗೆ ಇಳಿಯದೆ ಇರಲು ಸಾಧ್ಯವೇ ಇಲ್ಲ. ಹರಳೆಣ್ಣೆ ಅಥವಾ ತುಪ್ಪದ ದೀಪದ ಮಸಿಯನ್ನು ತಟ್ಟೆಗೆ ಹಿಡಿದು ಅದೇ ಎಣ್ಣೆ, ತುಪ್ಪದಲ್ಲಿ ಕಲಸಿದ್ದು ಅದು. ಗಟ್ಟಿಯಾಗುವ ಮೇಣವಾಗಲಿ, ಪೊರೆ ಕಟ್ಟುವ ಅಂಟಾಗಲಿ ಅದರಲ್ಲಿಲ್ಲ. ರಜೆಯ ದಿನಕ್ಕೆ ಇರಲಿ. ಸಂತೆಯಲ್ಲಿ ಬಿಡಿಯಾಗಿ ಸಿಗುವ ಸುರ್ಮಾ ಮಾತ್ರ ಬೇಡವೇ ಬೇಡ. ಸಾಂಪ್ರದಾಯಿಕ ಸುರ್ಮಾದ ಮೂಲ ಹಲವು ಸಲ ಗಲೀನಾ ಕಲ್ಲು, ಅಂದರೆ ಸೀಸದ ಸಲ್ಫೈಡ್. ಮಕ್ಕಳ ಕಣ್ಣಿಗಂತೂ ಅದನ್ನು ತಾಗಿಸಲೇಬಾರದು.

ಲೆನ್ಸ್ ಹಾಕುವವರು ಕೈ ತೊಳೆದು ಮೊದಲು ಲೆನ್ಸ್ ಹಾಕಿ, ಆಮೇಲೆ ಕಾಡಿಗೆ, ಅದೂ ರೆಪ್ಪೆಯ ಹೊರಗೆ ಮಾತ್ರ. ಕಣ್ಣಿನೊಳಗಿನ ಅಂಚಿಗೆ ತೀಡಿದ್ದು ಲೆನ್ಸಿನ ಮೇಲೆ ಮಂಜಾಗಿ ಕೂರುತ್ತದೆ. ಅಕ್ಕ, ತಂಗಿ, ಹಾಸ್ಟೆಲಿನ ಗೆಳತಿ ಯಾರೇ ಆಗಲಿ, ಕಾಡಿಗೆ ಹಂಚಿಕೊಳ್ಳಬೇಡಿ. ಮದ್ರಾಸ್ ಐ ಮನೆಯಿಡೀ ಸುತ್ತಲು ಅದೊಂದು ಸಾಕು.

ಈಗ ಕನ್ಸೀಲರ್. ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಕನ್ನಡಿಯನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕು ನೇರ ಮುಖಕ್ಕೆ ಬೀಳುವಂತೆ ಗದ್ದ ಮೇಲೆತ್ತಿ. ಕಣ್ಣಿನ ಕೆಳಗಿನ ಕಪ್ಪು ಮಾಯವಾದರೆ ಅದು ಬಣ್ಣವಲ್ಲ, ಗುಳಿಯ ನೆರಳು. ನೆರಳಿಗೆ ಎಷ್ಟು ಕನ್ಸೀಲರ್ ಮೆತ್ತಿದರೂ ದಪ್ಪವಾಗುವುದೇ ಹೊರತು ಹೋಗುವುದಿಲ್ಲ. ಮಾಯವಾಗದಿದ್ದರೆ ಅದು ಬಣ್ಣ. ನಮ್ಮಲ್ಲಿ ಅದು ಸಾಮಾನ್ಯವಾಗಿ ಕಂದು ಅಥವಾ ನೀಲಿ ಮಿಶ್ರಿತ ಕಂದು. ಅದರ ಮೇಲೆ ನೇರವಾಗಿ ತಿಳಿ ಕನ್ಸೀಲರ್ ಹಾಕಿದರೆ ಬೂದಿ ಬಣ್ಣ ಬರುತ್ತದೆ. ಆ ಕಪ್ಪಿನ ಬಣ್ಣವನ್ನು ಸರಿದೂಗಿಸುವ, ಕಿತ್ತಳೆ ಛಾಯೆಯ ಕರೆಕ್ಟರ್ ಮೊದಲು ಬೇಕು. ಚರ್ಮ ತಿಳಿಯಾಗಿದ್ದರೆ ಪೀಚ್ ಬಣ್ಣ, ಕಡುವಾಗಿದ್ದರೆ ಕಿತ್ತಳೆ. ನನ್ನ ಅಭಿಪ್ರಾಯದಲ್ಲಿ ಎರಡು ಡಬ್ಬಿಯ ಜಂಜಾಟ ಬೆಳಗಿಗೆ ಬೇಡ. ನಿಮ್ಮ ಚರ್ಮದ್ದೇ ಶೇಡಿನ, ತುಸು ಪೀಚ್ ಒಲವಿನ ಒಂದೇ ಕನ್ಸೀಲರ್ ಆರಿಸಿಕೊಂಡರೆ ಶೇ. 80ರಷ್ಟು ಕೆಲಸ ಆಗುತ್ತದೆ, ಉಳಿದ 20 ಯಾರಿಗೂ ಕಾಣದು.

ಒಂದು ಕಣ್ಣಿಗೆ ಒಂದು ಅಕ್ಕಿಕಾಳಿನಷ್ಟು, ಅದಕ್ಕಿಂತ ಹೆಚ್ಚಲ್ಲ. ಅಂಗೈ ಹಿಂಬದಿಯಲ್ಲಿ ತೆಗೆದುಕೊಂಡು ಉಂಗುರಬೆರಳಿನಿಂದ ಹತ್ತು ಸಲ ತಿರುಗಿಸಿ ಬೆಚ್ಚಗೆ ಮಾಡಿ. ಮೂಗಿನ ಪಕ್ಕದ ಒಳಮೂಲೆಯಲ್ಲಿ ಕಪ್ಪು ಹೆಚ್ಚು, ಅಲ್ಲಿ ಇಟ್ಟು ಹೊರಗೆ ತಟ್ಟುತ್ತಾ ಬನ್ನಿ. ರೆಪ್ಪೆಗೂದಲಿನ ಕೆಳಗೆ ಅರ್ಧ ಸೆಂಟಿಮೀಟರ್ ಖಾಲಿ ಬಿಡಿ. ನಕ್ಕಾಗ ಗೆರೆ ಬೀಳುವುದು, ಪದಾರ್ಥ ಹೋಗಿ ಕೂರುವುದು ಅಲ್ಲೇ. ತಟ್ಟಬೇಕು, ಸವರಬಾರದು. ಸವರಿದರೆ ಕೆಳಗಿನ ಸನ್‌ಸ್ಕ್ರೀನ್ ಕಿತ್ತು ಬರುತ್ತದೆ. ಉಳಿದದ್ದನ್ನು ಮೂಗಿನ ಹೊಳ್ಳೆಯ ಪಕ್ಕದ ಕೆಂಪಿಗೆ, ಬಾಯಿಯ ಮೂಲೆಯ ಕಪ್ಪಿಗೆ, ಮೊಡವೆ ಕಲೆಯಿದ್ದರೆ ಅದರ ಮೇಲೆ ಒಂದೊಂದು ಚುಕ್ಕೆ.

ಶೇಡ್ ಆರಿಸುವಾಗ ಅಂಗಡಿಯವರು ಮಣಿಕಟ್ಟಿಗೆ ಹಚ್ಚಿ ತೋರಿಸುತ್ತಾರೆ. ಮಣಿಕಟ್ಟಿನ ಒಳಭಾಗ ಮುಖಕ್ಕಿಂತ ತಿಳಿ, ಹಾಗಾಗಿ ಯಾವಾಗಲೂ ಒಂದು ಶೇಡ್ ಬೆಳ್ಳಗಿನದ್ದು ಮನೆಗೆ ಬರುತ್ತದೆ. ದವಡೆಯ ಅಂಚಿಗೆ ಹಚ್ಚಿಸಿಕೊಂಡು, ಅಂಗಡಿಯ ಹೊರಗೆ ಬಿಸಿಲಿಗೆ ಬಂದು, ಹತ್ತು ನಿಮಿಷ ಬಿಟ್ಟು ನೋಡಿ. ಗಾಳಿಗೆ, ಚರ್ಮದ ಎಣ್ಣೆಗೆ ಕೆಲವು ಅರ್ಧ ಶೇಡಿನಷ್ಟು ಕಪ್ಪಾಗುತ್ತವೆ.

ಕೆನ್ನೆಗೆ ಬೇರೆ ಬ್ಲಶ್ ಇಟ್ಟುಕೊಂಡಿಲ್ಲ, ತುಟಿಯ ಲಿಪ್‌ಸ್ಟಿಕ್ಕೇ ಸಾಕು. ಕೆನೆಯಂಥ ಲಿಪ್‌ಸ್ಟಿಕ್ ಆಗಿರಬೇಕು, ದ್ರವರೂಪದ ಮ್ಯಾಟ್ ಬೇಡ. ಅದು ಕೆನ್ನೆಯ ಮೇಲೆ ಇಟ್ಟ ಜಾಗದಲ್ಲೇ ಹಿಡಿದು ರಬ್ಬರ್ ಸ್ಟಾಂಪಿನಂತಾಗುತ್ತದೆ. ಬೆರಳಿಗೆ ತೆಗೆದುಕೊಂಡು, ಮೂಗಿನಿಂದ ಎರಡು ಬೆರಳು ದೂರದಲ್ಲಿ ಎರಡು ಚುಕ್ಕೆ, ಕಿವಿಯ ಕಡೆಗೆ ಮೇಲ್ಮುಖವಾಗಿ ತಟ್ಟುವುದು. ತಿಳಿ ಗುಲಾಬಿ ನಮ್ಮ ಚರ್ಮದ ಮೇಲೆ ಬೂದಿಯಾಗುತ್ತದೆ. ಇಟ್ಟಿಗೆ ಕೆಂಪು, ನೇರಳೆಹಣ್ಣಿನ ಬಣ್ಣ, ಕಂದುಗುಲಾಬಿ ಸರಿ.

ಇಲ್ಲೊಂದು ನಿಯಮ ಮೀರಬಾರದು: ಕೆನೆಯ ಮೇಲೆ ಪುಡಿ ಹೋಗಬಹುದು, ಪುಡಿಯ ಮೇಲೆ ಕೆನೆ ಹೋಗಬಾರದು. ಪೌಡರ್ ಹಾಕಿದ ಮೇಲೆ ಕೆನ್ನೆಗೆ ಲಿಪ್‌ಸ್ಟಿಕ್ ಹಚ್ಚಿದರೆ ತೇಪೆ ತೇಪೆಯಾಗುತ್ತದೆ.

ಪೌಡರ್ ಎಂದರೆ ಇಲ್ಲಿ ಕಾಂಪ್ಯಾಕ್ಟ್. ಹಳೆಯ ಕಾಲದ ಸ್ನೋ–ಪೌಡರ್ ಜೋಡಿ ನೆನಪಿರುವವರಿಗೆ ಟಾಲ್ಕಂ ಪೌಡರ್ ಮೆತ್ತುವ ಆಸೆ ಬರುತ್ತದೆ. ಸ್ನೋ ಎಂದರೆ ಸ್ಟಿಯರಿಕ್ ಆಮ್ಲದ ಕ್ರೀಮು, ಚರ್ಮದ ಮೇಲೆ ಒಣ ಪೊರೆಯಾಗಿ ಉಳಿಯುತ್ತಿತ್ತು, ಅದರ ಮೇಲೆ ಟಾಲ್ಕ್ ಹೊಂದುತ್ತಿತ್ತು. ಇಂದಿನ ಸನ್‌ಸ್ಕ್ರೀನ್ ತುಸು ಜಿಗುಟು. ಟಾಲ್ಕಂ ಎಲ್ಲಿ ಬಿತ್ತೋ ಅಲ್ಲೇ ಅಂಟಿ, ಬೆವರಿದಾಗ ಬಿಳಿ ಕಾಲುವೆಗಳಾಗುತ್ತವೆ. ಕಾಂಪ್ಯಾಕ್ಟಿನ ಪಫ್ಫನ್ನು ಮಡಚಿ, ಒಮ್ಮೆ ಒತ್ತಿ ತೆಗೆದು, ಕೈ ಮೇಲೆ ಕೊಡವಿ, ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಗದ್ದ, ಹುಬ್ಬಿನ ನಡುವೆ ಮಾತ್ರ ಒತ್ತಿ. ಕೆನ್ನೆಯ ಹೊಳಪು ಇರಲಿ. ಮುಖ ಬೆವರಿದ್ದರೆ ಮೊದಲು ಟಿಶ್ಯೂ ಒತ್ತಿ ಬೆವರು ತೆಗೆಯಬೇಕು, ಬೆವರಿನ ಮೇಲೆ ಪುಡಿ ಹಾಕಿದರೆ ಹಿಟ್ಟು ಕಲಸಿದಂತೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ಪೌಡರ್ ಜಾಸ್ತಿ ಮಾಡುವುದಕ್ಕಿಂತ ಮಾಯಿಶ್ಚರೈಸರ್ ಕಡಿಮೆ ಮಾಡುವುದು ಉಪಾಯ.

ಹುಬ್ಬಿಗೆ ಕಡುಗಂದು ಪೆನ್ಸಿಲ್. ಕೂದಲು ಎಷ್ಟೇ ಕಪ್ಪಿರಲಿ, ಕಪ್ಪು ಪೆನ್ಸಿಲ್ ಮುಖವನ್ನು ಸಿಡುಕು ಮಾಡುತ್ತದೆ. ಮೊದಲು ಹಳೆಯ ಮಸ್ಕಾರಾದ ತೊಳೆದ ಬ್ರಷ್‌ನಿಂದ ಮೇಲಕ್ಕೆ ಬಾಚಿ, ಖಾಲಿಯಿರುವ ಕಡೆ ಮಾತ್ರ ಕೂದಲಿನಷ್ಟು ಸಣ್ಣ ಗೀಟು ಹಾಕಿ, ಮತ್ತೆ ಬಾಚಿ. ಮೂಗಿನ ಹೊಳ್ಳೆಯಿಂದ ಕಣ್ಣಿನ ಹೊರಮೂಲೆಗೆ ಪೆನ್ಸಿಲ್ ಆನಿಸಿದರೆ ಅದು ಹುಬ್ಬಿಗೆ ತಾಗುವ ಜಾಗವೇ ಬಾಲದ ಕೊನೆ. ಅದರಾಚೆ ಎಳೆದರೆ ಕಣ್ಣು ಇಳಿದಂತೆ ಕಾಣುತ್ತದೆ. ಥ್ರೆಡ್ಡಿಂಗ್ ಮಾಡಿಸಿದ ದಿನ ಹುಬ್ಬಿನ ಸುತ್ತ ಏನೂ ಹಚ್ಚಬೇಡಿ, ತೆರೆದ ರಂಧ್ರಗಳಲ್ಲಿ ಗುಳ್ಳೆ ಏಳುತ್ತದೆ.

ತುಟಿಗೆ ಹೆಚ್ಚು ಹೇಳುವುದಿಲ್ಲ. ಸ್ನಾನವಾದಾಗಲೇ ಲಿಪ್ ಬಾಮ್, ಈಗ ಅದನ್ನು ಒರೆಸಿ ಒಂದು ಪದರ ಬಣ್ಣ, ಟಿಶ್ಯೂ ಒತ್ತಿ, ಇನ್ನೊಂದು ಪದರ. ಬಾಮ್ ಒರೆಸದೆ ಹಚ್ಚಿದರೆ ಹತ್ತು ನಿಮಿಷಕ್ಕೆ ಹಲ್ಲಿಗೆ ಬರುತ್ತದೆ.

ಬೊಟ್ಟಿನ ಬಗ್ಗೆ ಮೇಕಪ್ ಹೇಳುವವರು ಯಾರೂ ಮಾತಾಡುವುದಿಲ್ಲ, ಆದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಅದಿಲ್ಲದೆ ಮುಖ ಪೂರ್ತಿಯಾಗದು. ಸನ್‌ಸ್ಕ್ರೀನ್ ಹಚ್ಚಿದ ಹಣೆಗೆ ಸ್ಟಿಕ್ಕರ್ ಮಧ್ಯಾಹ್ನದೊಳಗೆ ಕಳಚಿಬೀಳುತ್ತದೆ. ಇಡುವ ಜಾಗವನ್ನು ಮಾತ್ರ ಹತ್ತಿಯ ಕಡ್ಡಿಯಿಂದ ಒಣಗಿಸಿ, ಮೇಲೆ ಚಿಟಿಕೆ ಕಾಂಪ್ಯಾಕ್ಟ್ ಕೂಡ ಬೇಡ, ಇಟ್ಟು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ. ಸ್ಟಿಕ್ಕರ್ ಇಡುವ ಜಾಗದಲ್ಲಿ ನವೆ ಶುರುವಾದರೆ ಅಂದೇ ನಿಲ್ಲಿಸಿ. ಕೆಲವು ಅಂಟುಗಳಲ್ಲಿರುವ ಪ್ಯಾರಾ–ಟರ್ಷರಿ ಬ್ಯುಟೈಲ್‌ಫೀನಾಲ್ ಎಂಬ ರಾಸಾಯನಿಕ ಚರ್ಮದ ಬಣ್ಣ ತಯಾರಿಸುವ ಕೋಶಗಳನ್ನೇ ಕೊಲ್ಲುತ್ತದೆ. ಬೊಟ್ಟಿನ ಆಕಾರದ್ದೇ ಬಿಳಿ ಕಲೆ ಉಳಿಯುತ್ತದೆ, ಅದನ್ನು ಸರಿಪಡಿಸುವುದು ಸುಲಭವಲ್ಲ. ಕುಂಕುಮ ಇಡುವವರು ಹಿಂದಿನವರಂತೆ ಮೇಣ ಬಳಸಬಹುದು. ಸಾಸಿವೆಕಾಳಿನಷ್ಟು ಜೇನುಮೇಣ ಹಚ್ಚಿ ಅದರ ಮೇಲೆ ಕುಂಕುಮ ಒತ್ತಿದರೆ ಮೂಗಿನ ಮೇಲೆ ಉದುರುವುದಿಲ್ಲ, ಬೆವರಿಗೆ ಹರಿಯುವುದಿಲ್ಲ. ಅರಿಶಿನ, ಸುಣ್ಣದಿಂದ ಮಾಡಿದ ಕುಂಕುಮದ ಕೆಂಪು ತುಸು ಮಂಕು. ಕಣ್ಣು ಕುಕ್ಕುವ ಕೆಂಪಾದರೆ ಅದು ಕೃತಕ ಬಣ್ಣದ್ದು, ಕೆಲವರಿಗೆ ಅದರಿಂದ ಹಣೆ ಕಪ್ಪಾಗುತ್ತದೆ.

ಹೆಲ್ಮೆಟ್, ದುಪಟ್ಟಾ, ಕನ್ನಡಕ

ದ್ವಿಚಕ್ರ ವಾಹನದಲ್ಲಿ ಹೋಗುವವರಿಗೆ ಕೆನ್ನೆಯ ಬದಿ, ಹಣೆಯ ಮೇಲ್ಭಾಗ ಹೆಲ್ಮೆಟ್ಟಿನ ಪಾಲು. ಅಲ್ಲಿ ಸನ್‌ಸ್ಕ್ರೀನ್ ಬಿಟ್ಟು ಬೇರೇನೂ ಹಚ್ಚಬೇಡಿ. ಬಣ್ಣವೆಲ್ಲ ಮುಖದ ನಡುಭಾಗದಲ್ಲಿರಲಿ. ಒಳಗಿನ ಮೆತ್ತೆಗಳು ಕಳಚಿ ಬರುವಂಥವಾದರೆ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ದವಡೆಯ ಉದ್ದಕ್ಕೂ ಬರುವ ಗುಳ್ಳೆಗಳಿಗೆ ಎಷ್ಟೋ ಸಲ ಮೇಕಪ್ ಕಾರಣವಲ್ಲ, ಆ ಮೆತ್ತೆಯ ಹಳೆಯ ಬೆವರು. ಮುಖಕ್ಕೆ ದುಪಟ್ಟಾ ಸುತ್ತಿಕೊಳ್ಳುವವರು ಲಿಪ್‌ಸ್ಟಿಕ್ಕನ್ನು ಇಳಿದ ಮೇಲೆ ಹಚ್ಚಿಕೊಳ್ಳುವುದೇ ಸರಿ. ಬಸ್ಸಿನ ಕುಲುಕಾಟದಲ್ಲಿ ಕಾಡಿಗೆ ತೀಡುವ ಸಾಹಸ ಮಾತ್ರ ಯಾರೂ ಮಾಡಬೇಡಿ. ಒಂದು ಬ್ರೇಕಿಗೆ ಪೆನ್ಸಿಲ್ ಕಣ್ಣಿಗೆ ಚುಚ್ಚುತ್ತದೆ. ತುಟಿಗಾದರೆ ಅಡ್ಡಿಯಿಲ್ಲ.

ಕನ್ನಡಕದವರಿಗೆ ಮೂಗಿನ ಎರಡು ಬದಿಯಲ್ಲಿ ಪ್ಯಾಡಿನ ಅಚ್ಚು ಬೀಳುತ್ತದೆ. ಅಲ್ಲಿ ಕನ್ಸೀಲರ್ ಬೇಡ, ಪೌಡರ್ ಮಾತ್ರ. ಮೈನಸ್ ಗಾಜು ಕಣ್ಣನ್ನು ಚಿಕ್ಕದು ಮಾಡಿ ತೋರಿಸುತ್ತದೆ, ಅದಕ್ಕೆ ಕೆಳಗಿನ ಅಂಚು ಖಾಲಿ ಬಿಟ್ಟು ಮೇಲೆ ಮಾತ್ರ ತೀಡಿ. ಪ್ಲಸ್ ಗಾಜು ಹಿಗ್ಗಿಸುವುದರಿಂದ ಕಾಡಿಗೆಯ ತಪ್ಪೂ ಹಿಗ್ಗಿ ಕಾಣುತ್ತದೆ.

ಬೆಳಗಿನ ಹೊತ್ತು ಉಳಿಯುವುದು ಬಹುಪಾಲು ಹಿಂದಿನ ರಾತ್ರಿಯಿಂದ. ಮಲಗುವ ಮೊದಲು ಕಾಡಿಗೆಯನ್ನು ಎರಡು ಹನಿ ಎಣ್ಣೆ ಹಾಕಿದ ಹತ್ತಿಯಿಂದ, ಕಣ್ಣು ಮುಚ್ಚಿ ಹದಿನೈದು ಸೆಕೆಂಡು ಇಟ್ಟು, ಕೆಳಮುಖವಾಗಿ ತೆಗೆದು ಮುಖ ತೊಳೆಯಿರಿ. ಬೆಳಗ್ಗೆ ಕಪ್ಪು ವರ್ತುಲ ಎಂದು ಕನ್ಸೀಲರ್ ಹಚ್ಚುವುದು ಹಲವು ಸಲ ನಿನ್ನೆಯ ಕಾಡಿಗೆಯ ಮೇಲೆ. ಪೆನ್ಸಿಲ್ ರಾತ್ರಿಯೇ ಕೆತ್ತಿಡಿ. ಹೊಸದಾಗಿ ಕೆತ್ತಿದ ಮೊನೆಯನ್ನು ಟಿಶ್ಯೂ ಮೇಲೆ ಒಮ್ಮೆ ಉರುಟು ಮಾಡದಿದ್ದರೆ ರೆಪ್ಪೆಗೆ ಗೀರುತ್ತದೆ. ಮಸ್ಕಾರಾ ಬಳಸುವವರು ತೆರೆದ ದಿನಾಂಕವನ್ನು ಡಬ್ಬಿಯ ಮೇಲೆ ಬರೆದಿಟ್ಟು ಮೂರು ತಿಂಗಳಿಗೆ ಎಸೆಯಿರಿ. ಸ್ಪಂಜನ್ನು ನಾನು ಕೈಬಿಟ್ಟೆ. ವಾರವಾರ ತೊಳೆದು ಪೂರ್ತಿ ಒಣಗಿಸದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಮಳೆಗಾಲದ ಮಲೆನಾಡಿನಲ್ಲಿ ಅದು ಒಣಗುವುದು ಯಾವಾಗ?

ಐದು ನಿಮಿಷವೂ ಇಲ್ಲದ ದಿನ ಬಿಡುವ ಕ್ರಮವೂ ಗೊತ್ತಿರಬೇಕು. ಮೊದಲು ಹುಬ್ಬು ಬಿಡಿ, ಆಮೇಲೆ ಪೌಡರ್, ಆಮೇಲೆ ಕನ್ಸೀಲರ್. ಸುಮಾರು ಎರಡು ನಿಮಿಷದಲ್ಲಿ ಮೇಲಿನ ರೆಪ್ಪೆಗೆ ಕಾಡಿಗೆ, ಲಿಪ್‌ಸ್ಟಿಕ್ ತುಟಿಗೂ ಕೆನ್ನೆಗೂ, ಬೊಟ್ಟು. ಸನ್‌ಸ್ಕ್ರೀನ್ ಬಿಡುವ ಹಾಗಿಲ್ಲ. ಒಣಗಲು ಸಮಯವಿಲ್ಲದಿದ್ದರೆ ಮೇಲೆ ಏನೂ ಹಚ್ಚದೆ ಹೊರಟು, ಲಿಪ್‌ಸ್ಟಿಕ್ ಒಂದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ.

ಚೀಲದಲ್ಲಿ ನಾಲ್ಕೇ ವಸ್ತು: ಟಿಶ್ಯೂ, ಕಾಂಪ್ಯಾಕ್ಟ್, ಲಿಪ್‌ಸ್ಟಿಕ್, ಪುಟ್ಟ ಸನ್‌ಸ್ಕ್ರೀನ್. ಮಧ್ಯಾಹ್ನ ಬಿಸಿಲಿಗೆ ಹೋಗುವುದಿದ್ದರೆ ಮೊದಲು ಟಿಶ್ಯೂ ಒತ್ತಿ ಜಿಡ್ಡು ತೆಗೆಯಿರಿ. ಸನ್‌ಸ್ಕ್ರೀನನ್ನು ಎರಡೂ ಅಂಗೈಗೆ ಸವರಿಕೊಂಡು ಕೆನ್ನೆ, ಹಣೆ, ಕತ್ತಿಗೆ ಉಜ್ಜದೆ ಒತ್ತಿ. ಕಣ್ಣಿನ ಹತ್ತಿರ ಹೋಗಬೇಡಿ. ಬಿಸಿಲಲ್ಲೇ ಇರುವ ಕೆಲಸವಾದರೆ ಎರಡು ಗಂಟೆಗೊಮ್ಮೆ. ಆಫೀಸಿನೊಳಗೆ ಕಿಟಕಿಯಿಂದ ದೂರ ಕೂರುವವರಿಗೆ ಹೊರಗೆ ಹೊರಡುವ ಮುಂಚೆ ಒಮ್ಮೆ ಸಾಕು.